ಪಕ್ಕದ ಸೈಟಿನಲ್ಲಿ ಅಪಾರ್ಟ್‌ಮೆಂಟ್ ಬರುತ್ತಿದೆಯಾ? ಮೊದಲು ಟೇಪು ಹಿಡಿಯಿರಿ

ಬಳ್ಳಾರಿಯಲ್ಲಿ ನನ್ನದೊಂದು ಸಣ್ಣ ಡಿಟಿಪಿ, ಜೆರಾಕ್ಸ್ ಅಂಗಡಿ. ಇಪ್ಪತ್ತು ವರ್ಷದ ಮೇಲಾಯಿತು, ಊರಿನವರ ಅರ್ಜಿ ಟೈಪ್ ಮಾಡಿ ಬದುಕುತ್ತಿದ್ದೇನೆ. ಪಿಂಚಣಿ, ಪಹಣಿ ತಿದ್ದುಪಡಿ, ಖಾತೆ ಬದಲಾವಣೆ, ಏನು ಬೇಕಾದರೂ ತನ್ನಿ. ನುಡಿ ತಂತ್ರಾಂಶದಲ್ಲಿ 'ಮಾನ್ಯರೇ' ಅಂತ ದಿನಕ್ಕೆ ಎಷ್ಟು ಸಲ ಹೊಡೆಯುತ್ತೇನೋ ಲೆಕ್ಕ ಇಲ್ಲ. ಇಷ್ಟೆಲ್ಲ ಅನುಭವ ಇದ್ದೂ, ನಮ್ಮದೇ ಬೀದಿಗೆ ಅಪಾರ್ಟ್‌ಮೆಂಟ್ ಬರುತ್ತೆ ಅಂದಾಗ ನಾನು ಬರೆದ ಮೊದಲ ಅರ್ಜಿ ಇದೆಯಲ್ಲಾ, ಅದರಷ್ಟು ಕೆಟ್ಟ ಅರ್ಜಿಯನ್ನು ನಾನು ದುಡ್ಡು ತಗೊಂಡು ಯಾರಿಗೂ ಬರೆದುಕೊಟ್ಟಿಲ್ಲ.

ನಮ್ಮದು 30 ಅಡಿ ರಸ್ತೆಯ ಲೇಔಟ್. ಹೆಸರು ಬೇಡ ಬಿಡಿ. ನೆಲಮಹಡಿ, ಹೆಚ್ಚೆಂದರೆ ಮೇಲೊಂದು ಮಹಡಿ, ಹಾಗಿರುವ ಒಂಟಿ ಮನೆಗಳು. ಬೀದಿಯ ನಡುವೆ 50×80ರ ಎರಡು ಸೈಟು ವರ್ಷಾನುಗಟ್ಟಲೆ ಖಾಲಿ ಬಿದ್ದಿದ್ದವು. ಜಾಲಿ ಬೆಳೆದು ನಿಂತಿತ್ತು. ಒಂದು ರಾತ್ರಿ ಬೋರ್‌ವೆಲ್ ಲಾರಿ ಬಂತು. ಬೆಳಿಗ್ಗೆ ಎದ್ದು ನೋಡಿದರೆ ಒಣಗಲು ಹಾಕಿದ್ದ ಬಟ್ಟೆ, ತುಳಸಿ ಗಿಡ, ಸ್ಕೂಟಿ ಸೀಟು, ಎಲ್ಲದರ ಮೇಲೂ ಬಿಳಿ ಧೂಳು. ಮಧ್ಯಾಹ್ನದ ಹೊತ್ತಿಗೆ ಚಹಾ ಅಂಗಡಿಯಲ್ಲಿ '40 ಮನೆ ಕಟ್ತಾರಂತೆ' ಅನ್ನುವ ಸುದ್ದಿ. ಸಂಜೆ ಗುಡಿ ಮುಂದೆ ಸಭೆ. ರಾತ್ರಿಯೇ ನಾನು ಅರ್ಜಿ ಹೊಡೆದೆ. ಮೂರು ಪುಟ, 63 ಸಹಿ. 'ಅಕ್ರಮ ಕಟ್ಟಡ', 'ಹೊರಗಿನವರು ಬಂದು ವಾತಾವರಣ ಕೆಡುತ್ತದೆ', 'ಕೂಡಲೇ ರದ್ದುಪಡಿಸಿ', 'ಇಲ್ಲದಿದ್ದರೆ ಉಗ್ರ ಹೋರಾಟ'.

ಅರ್ಜಿ ತೆಗೆದುಕೊಂಡ ಗುಮಾಸ್ತರು ನನಗೆ ಪರಿಚಯದವರೇ. ಮೂರು ಪುಟವನ್ನೂ ಓದಿದರು. ಕನ್ನಡಕ ಹಣೆಗೇರಿಸಿ ಕೇಳಿದರು: "ಅಣ್ಣ, ಇದರಾಗ ನಾನು ಯಾವ ಸಾಲಿಗೆ ಉತ್ತರ ಬರೀಲಿ?"

ಆ ಪ್ರಶ್ನೆ ನನ್ನ ಕಣ್ಣು ತೆರೆಸಿತು. ಪರವಾನಗಿಯೇ ಇನ್ನೂ ಸಿಕ್ಕಿರಲಿಲ್ಲ, ಅಂದಮೇಲೆ ಅಕ್ರಮ ಎಲ್ಲಿಂದ ಬಂತು? 40 ಮನೆ ಅಂತ ಹೇಳಿದ್ದು ಚಹಾ ಅಂಗಡಿ. ಇನ್ನು ಹೊರಗಿನವರು ಅನ್ನೋದು. ನಮ್ಮಪ್ಪ ಸಿರುಗುಪ್ಪ ಕಡೆಯ ಹಳ್ಳಿ ಬಿಟ್ಟು ಬಂದವರು. ಎದುರು ಮನೆಯವರು ಆಂಧ್ರದ ಆಲೂರು ಕಡೆಯವರು, ಮನೆಯಲ್ಲಿ ತೆಲುಗು. ನಮ್ಮ ಬೀದಿಯಲ್ಲಿ 'ಒಳಗಿನವರು' ಅಂತ ಇದ್ದದ್ದು ಜಾಲಿ ಒಂದೇ.

ಆಮೇಲೆ ಒಂದೂವರೆ ವರ್ಷ ಓಡಾಡಿ ಕಲಿತದ್ದನ್ನು ಕೆಳಗೆ ಬರೆದಿದ್ದೇನೆ. ನಾನು ವಕೀಲ ಅಲ್ಲ. ಅರ್ಜಿ ಟೈಪ್ ಮಾಡುವವನು, ಅಷ್ಟೇ.

ಯಾವ ಹಂತದಲ್ಲಿದೆ ಅಂತ ಮೊದಲು ತಿಳಿದುಕೊಳ್ಳಿ

ಒಂದು ಕಟ್ಟಡಕ್ಕೆ ಮೂರು ಹಂತ. ಜಾಗದ ಉಪಯೋಗ ಏನು ಅಂತ ತೀರ್ಮಾನ ಆಗುವ ಹಂತ, ಕಟ್ಟಡದ ನಕ್ಷೆಗೆ ಪರವಾನಗಿ ಸಿಗುವ ಹಂತ, ಕಟ್ಟುವ ಮತ್ತು ಮುಗಿಸುವ ಹಂತ. ಮೂರಕ್ಕೂ ಬಾಗಿಲು ಬೇರೆ. ತಪ್ಪು ಬಾಗಿಲು ತಟ್ಟಿದರೆ 'ಸಂಬಂಧಪಟ್ಟ ಕಚೇರಿಗೆ ಸಲ್ಲಿಸಿ' ಅಂತ ಹಿಂಬರಹ ಬರುತ್ತದೆ. ಅಷ್ಟರಲ್ಲಿ ಒಂದು ತಿಂಗಳು ಹೋಗಿರುತ್ತದೆ.

ಜಾಗದ ಉಪಯೋಗ ನೋಡುವುದು ಯೋಜನಾ ಪ್ರಾಧಿಕಾರ. ಬಳ್ಳಾರಿಯಲ್ಲಿ ನಾವು ಬುಡಾ ಅನ್ನುತ್ತೇವಲ್ಲ, ನಗರಾಭಿವೃದ್ಧಿ ಪ್ರಾಧಿಕಾರ, ಅದು. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ ಪ್ರಕಾರ ಮಾಸ್ಟರ್ ಪ್ಲಾನ್ ಮಾಡುವುದು ಅದರ ಕೆಲಸ. ಪಾಲಿಕೆ ಹದ್ದಿನೊಳಗೆ ಮನೆ ಕಟ್ಟಲು ಪರವಾನಗಿ ಕೊಡುವುದು ಮಹಾನಗರ ಪಾಲಿಕೆಯ ನಗರ ಯೋಜನಾ ಶಾಖೆ. ಅದಕ್ಕೆ ಆಧಾರ 1976ರ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆ. ಕೊಪ್ಪಳದಂಥ ನಗರಸಭೆ ಊರಿನವರಾದರೆ ನಿಮಗೆ 1964ರ ಮುನಿಸಿಪಾಲಿಟಿ ಕಾಯ್ದೆ. ಅರ್ಜಿಯಲ್ಲಿ ಕಾಯ್ದೆಯ ಹೆಸರು ತಪ್ಪಿದರೆ ಅಲ್ಲೇ ನಿಮ್ಮ ಬಣ್ಣ ಬಯಲಾಗುತ್ತದೆ, ನೋಡಿ ಬರೆಯಿರಿ.

ಮಾಸ್ಟರ್ ಪ್ಲಾನ್ ನಕ್ಷೆಯಲ್ಲಿ ವಾಸದ ಪ್ರದೇಶ ಹಳದಿ, ವ್ಯಾಪಾರದ್ದು ನೀಲಿ, ಪಾರ್ಕು ಹಸಿರು. ನಿಮ್ಮ ಬೀದಿ ಯಾವ ಬಣ್ಣ ಅಂತ ನೋಡಿ. ಹಳದಿ ಇದೆ ಅಂದ ತಕ್ಷಣ ಗೆದ್ದೆವು ಅಂದುಕೊಳ್ಳಬೇಡಿ. ಹಳದಿ ಅಂದರೆ ವಾಸ. ಅಪಾರ್ಟ್‌ಮೆಂಟೂ ವಾಸವೇ. ಒಂಟಿ ಮನೆಗೆ ಮಾತ್ರ ಅಂತ ಬೇರೆ ಬಣ್ಣ ಸಾಮಾನ್ಯವಾಗಿ ಇರುವುದಿಲ್ಲ. ನಮ್ಮ ಸಭೆಯಲ್ಲಿ ಇದನ್ನು ಹೇಳಿದಾಗ ಇಬ್ಬರು ಎದ್ದು ಹೋದರು.

ಮಾಸ್ಟರ್ ಪ್ಲಾನನ್ನು ಹತ್ತು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕು ಅಂತ ಕಾಯ್ದೆಯಲ್ಲೇ ಇದೆ. ಕರಡು ಪ್ರಕಟ ಆದಾಗ ಸಾರ್ವಜನಿಕರು ಅಭಿಪ್ರಾಯ ಕೊಡಲು 60 ದಿನ ಸಿಗುತ್ತದೆ. ನಡುವೆ ಯಾರಾದರೂ ಭೂ ಉಪಯೋಗ ಬದಲಿಸಿ ಅಂತ ಕೇಳಿದರೆ 14-ಎ ಕಲಂ. ಅದರ ಪ್ರಕಾರ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಕನಿಷ್ಠ 15 ದಿನ ಆಕ್ಷೇಪಣೆಗೆ ಬಿಡಬೇಕು. ಆ ಪ್ರಕಟಣೆ ಬರುವುದು ಹರಾಜು, ಶ್ರದ್ಧಾಂಜಲಿ, ಟೆಂಡರುಗಳ ನಡುವೆ, ಇರುವೆ ಸಾಲಿನಂಥ ಅಕ್ಷರದಲ್ಲಿ. ನಮ್ಮಲ್ಲಿ ಒಬ್ಬ ನಿವೃತ್ತ ಮೇಷ್ಟ್ರಿಗೆ ಇದೇ ಕೆಲಸ ವಹಿಸಿದ್ದೇವೆ. ಹೇಗೂ ಅವರು ಎರಡು ಪೇಪರನ್ನು ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಓದುವವರು. ನಿಮ್ಮ ಬೀದಿಯಲ್ಲೂ ಅಂಥವರು ಒಬ್ಬರು ಇದ್ದೇ ಇರುತ್ತಾರೆ.

ಕಾಗದ ತೆಗೆಸಿ

ಸುದ್ದಿ ಮೇಲೆ ಅರ್ಜಿ ಕೊಡಬೇಡಿ. ಮಾಹಿತಿ ಹಕ್ಕು ಕಾಯ್ದೆ, 2005ರಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಪೋಸ್ಟಲ್ ಆರ್ಡರ್ ಹಚ್ಚಿದರೆ ಆಯಿತು. ಜೆರಾಕ್ಸ್ ಪುಟಕ್ಕೆ 2 ರೂಪಾಯಿ. ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಕೊಕ್ಕೆ ಇದೆ: ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ನನ್ನ ಅಂಗಡಿಗೆ ಬರುವವರು ಐದು ಪುಟದ ಕಥೆ ತರುತ್ತಾರೆ. ಅದು ತಿರಸ್ಕಾರಕ್ಕೆ ನೀವೇ ಬರೆದುಕೊಟ್ಟ ಕಾರಣ. ಹಾಗಾಗಿ ಎರಡು ಅರ್ಜಿ ಹಾಕಿ, ಇಬ್ಬರ ಹೆಸರಲ್ಲಿ. ಒಂದರಲ್ಲಿ ಆ ಸೈಟುಗಳ ಕಟ್ಟಡ ಅರ್ಜಿ, ನಕ್ಷೆ, ಟಿಪ್ಪಣಿ ಹಾಳೆ ಕೇಳಿ. ಇನ್ನೊಂದರಲ್ಲಿ ನಿಮ್ಮ ಲೇಔಟಿನ ಅನುಮೋದಿತ ನಕ್ಷೆ ಮತ್ತು ಎರಡು ಸೈಟು ಒಂದು ಮಾಡಿದ್ದರೆ ಅದರ ಆದೇಶ ಕೇಳಿ. ಕೊನೆಗೆ 'ಕಡತ ಪರಿಶೀಲನೆಗೂ ಅವಕಾಶ ಕೊಡಿ' ಅಂತ ಒಂದು ಸಾಲು ಸೇರಿಸಿ. ದೊಡ್ಡ ನಕ್ಷೆಯ ಜೆರಾಕ್ಸ್ ಸಿಗುವುದು ತಡ ಆಗಬಹುದು, ಕಣ್ಣಲ್ಲಿ ನೋಡಿ ಬರೆದುಕೊಂಡರೂ ಕೆಲಸ ನಡೆಯುತ್ತದೆ.

ಪರವಾನಗಿ ಆಗಲೇ ಸಿಕ್ಕಿ ಮಾರಾಟ ಶುರುವಾಗಿದ್ದರೆ ಇನ್ನೂ ಸುಲಭದ ದಾರಿ ಇದೆ. 500 ಚದರ ಮೀಟರಿಗಿಂತ ದೊಡ್ಡ ಜಾಗ, 8ಕ್ಕಿಂತ ಜಾಸ್ತಿ ಮನೆ ಇರುವ ಯೋಜನೆ ಆದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ (ರೇರಾ) ನೋಂದಣಿ ಆಗಬೇಕು. ಕರ್ನಾಟಕ ರೇರಾದ ವೆಬ್‌ಸೈಟಿನಲ್ಲಿ ನಕ್ಷೆ, ಪರವಾನಗಿ ಪತ್ರ ಎಲ್ಲ ಹಾಕಿರುತ್ತಾರೆ. ಮನೆಯಲ್ಲಿ ಕುಳಿತು ನೋಡಬಹುದು.

ನಮ್ಮ ನಕ್ಷೆ ಕೈಗೆ ಬಂದಾಗ ಗೊತ್ತಾಯಿತು, 40 ಮನೆ ಅಲ್ಲ, 16. ಕೆಳಗೆ ಪಾರ್ಕಿಂಗು, ಮೇಲೆ ನಾಲ್ಕು ಮಹಡಿ, ಮಹಡಿಗೆ ನಾಲ್ಕು. 63 ಜನ ಸಹಿ ಹಾಕಿ 40 ಅಂದಿದ್ದೆವು! ಆದರೆ ಅದೇ ಹಾಳೆಯಲ್ಲಿ ಇನ್ನೊಂದು ಕಂಡಿತು. ಸೈಟಿನ ಮುಂದಿನ ರಸ್ತೆಗೆ '40 ಅಡಿ' ಅಂತ ಬರೆದಿತ್ತು. ಲೇಔಟ್ ನಕ್ಷೆಯಲ್ಲಿ ಅದೇ ರಸ್ತೆ 30 ಅಡಿ.

ಹತ್ತು ಅಡಿಗೆ ಇಷ್ಟೊಂದು ಯಾಕೆ ಅಂತೀರಾ? ಎಷ್ಟು ಕಟ್ಟಬಹುದು ಅನ್ನುವುದು ಎಫ್‌ಎಆರ್ ಅನ್ನುವ ಲೆಕ್ಕದ ಮೇಲೆ ನಿಂತಿದೆ. ಸೈಟಿನ ಅಳತೆಯ ಎಷ್ಟು ಪಟ್ಟು ಕಟ್ಟಬಹುದು, ಅಷ್ಟೇ ಅದು. ನಮ್ಮ ಎರಡು ಸೈಟು ಸೇರಿ 8,000 ಚದರ ಅಡಿ. ಅನುಪಾತ 2 ಇದ್ದರೆ 16,000 ಚದರ ಅಡಿ ಕಟ್ಟಬಹುದು, ಸಾವಿರ ಅಡಿಯ ಮನೆ ಹದಿನಾರು. ಒಂದೂವರೆ ಇದ್ದರೆ 12,000, ಮನೆ ಹನ್ನೆರಡು. ಈ ಅನುಪಾತ ರಸ್ತೆ ಅಗಲ ಆದಂತೆ ಏರುತ್ತದೆ. ನಾನು ಹೇಳಿದ ಅಂಕಿ ಲೆಕ್ಕ ತೋರಿಸಲು ಮಾತ್ರ. ನಿಮ್ಮ ಊರಿನ ವಲಯ ನಿಯಮಾವಳಿಯಲ್ಲಿ ಒಂದು ಕೋಷ್ಟಕ ಇರುತ್ತದೆ, ರಸ್ತೆ ಅಗಲ ಒಂದು ಕಡೆ, ಅನುಪಾತ ಇನ್ನೊಂದು ಕಡೆ. ಆ ಒಂದು ಪುಟದ ಜೆರಾಕ್ಸ್ ಸಿಕ್ಕರೆ ಅರ್ಧ ಕೆಲಸ ಆದಂತೆ. ಅದೇ ಪುಸ್ತಕದಲ್ಲಿ ಸುತ್ತ ಎಷ್ಟು ಜಾಗ ಬಿಡಬೇಕು, ಪಾರ್ಕಿಂಗು ಎಷ್ಟು ಅನ್ನುವುದೂ ಇರುತ್ತದೆ.

ಟೇಪು

ಕಾಗದ ಸಿಕ್ಕ ಭಾನುವಾರ ಹಾರ್ಡ್‌ವೇರ್ ಅಂಗಡಿಯಿಂದ 30 ಮೀಟರಿನ ಟೇಪು ತಂದೆವು. ಬೆಳಿಗ್ಗೆ ಆರೂವರೆಗೇ ಶುರು ಮಾಡಿದೆವು. ಬಳ್ಳಾರಿಯ ಏಪ್ರಿಲ್ ನಿಮಗೆ ಗೊತ್ತಲ್ಲ, ಎಂಟು ಗಂಟೆ ಆಯಿತೆಂದರೆ ಟೇಪೂ ಕೈ ಸುಡುತ್ತೆ. ಲೈಟು ಕಂಬದಿಂದ ಕಂಬಕ್ಕೆ ಹೋಗುತ್ತಾ ಪ್ರತಿ ಕಂಬದ ಹತ್ತಿರ ರಸ್ತೆ ಅಡ್ಡ ಅಳೆಯುವುದು. ಮೇಷ್ಟ್ರು ಬರೆದುಕೊಳ್ಳುವುದು. ಹುಡುಗರು ಫೋಟೊ ತೆಗೆಯುವುದು, ಟೇಪಿನ ಅಂಕಿ ಕಾಣುವ ಹಾಗೆ. ಕಂಬದ ನಂಬರ್ ಬರೆದರೆ ಒಳ್ಳೆಯದು, ಯಾರು ಯಾವಾಗ ಬಂದು ಅಳೆದರೂ ಅದೇ ಜಾಗ ಸಿಗುತ್ತದೆ.

30 ಅಡಿ ಅಂತ ಹೊರಟವರಿಗೆ ಮೊದಲ ಕಂಬದಲ್ಲೇ ಸಿಕ್ಕಿದ್ದು 25. ಎರಡನೆಯದರಲ್ಲಿ 24. ಒಬ್ಬರ ಇಳಿಜಾರು, ಒಬ್ಬರ ದಾಸವಾಳದ ಕುಂಡ, ಒಬ್ಬರು ಕಾರಿಗೆ ಹಾಕಿದ ಶೀಟಿನ ನೆರಳು. ಇಡೀ ಬೀದಿಯಲ್ಲಿ ಎಲ್ಲಕ್ಕಿಂತ ಕಿರಿದಾದ ಜಾಗ ಇಪ್ಪತ್ತೊಂದೂವರೆ ಅಡಿ. ಅದು ನಮ್ಮ ಮನೆ ಮುಂದೆ.

ನಮ್ಮ ಮನೆಗೆ ಕಡಪ ಕಲ್ಲಿನ ಒಂದು ಕಟ್ಟೆ ಇತ್ತು. ಅಪ್ಪ ಹಾಕಿಸಿದ್ದು. ಸಂಜೆ ಐದಕ್ಕೆ ಅಮ್ಮ ಅಲ್ಲಿ ಬಂದು ಕುಳಿತರೆ ಎಂಟರ ತನಕ ಬೀದಿಯ ಎಲ್ಲಾ ವ್ಯವಹಾರ ಅಲ್ಲೇ ತೀರ್ಮಾನ. ಮೇಷ್ಟ್ರು ಟೇಪಿನ ಆ ತುದಿ ಹಿಡಿದು, "ಕಟ್ಟೆ ನಾಲ್ಕೂವರೆ ಅಡಿ" ಅಂತ ಜೋರಾಗಿ ಓದಿದರು. ಯಾರೂ ಮಾತಾಡಲಿಲ್ಲ. ಅಮ್ಮ ಮಾತ್ರ, "ಏನ್ ಅಳೀತೀರೋ, ಕಲ್ಲು ಇನ್ನಾ ಗಟ್ಟಿ ಐತಿ" ಅಂದಳು.

ಇದನ್ನು ಅಷ್ಟು ವಿವರವಾಗಿ ಯಾಕೆ ಹೇಳಿದೆ ಅಂದರೆ, ಸ್ಥಳ ತನಿಖೆಗೆ ಎಂಜಿನಿಯರ್ ಬಂದರೆ ಮೊದಲು ನೋಡುವುದು ಇದನ್ನೇ. ರಸ್ತೆ ಕಿರಿದು ಅಂತ ದೂರು ಕೊಟ್ಟವರೇ ರಸ್ತೆ ತಿಂದಿದ್ದರೆ ಅವರು ಏನು ಬರೆದುಕೊಳ್ಳಬೇಕು? ಮುಂದಿನ ಶನಿವಾರ ಗೌಂಡಿಯನ್ನು ಕರೆಸಿ ಕಟ್ಟೆ ಒಡೆಸಿದೆ. ಅಮ್ಮ ನನ್ನ ಹತ್ತಿರ ನಾಲ್ಕು ದಿನ ಮಾತು ಬಿಟ್ಟಳು. ಆದರೆ ನಮ್ಮದು ಹೋದಮೇಲೆ ಹನ್ನೊಂದು ಮನೆಯವರು ಅವರವರ ಇಳಿಜಾರು, ಮೆಟ್ಟಿಲು ಹಿಂದೆ ಸರಿಸಿದರು. ಮೂವರು ಸರಿಸಲಿಲ್ಲ, ಆ ಮೂವರೇ ಸಭೆಯಲ್ಲಿ ಜೋರು ದನಿಯವರು.

ಎಂಜಿನಿಯರ್ ಬಂದ ದಿನ ಒಡೆದ ಕಟ್ಟೆಯ ಗುರುತು ನೋಡಿ, "ಇದು ಯಾರದ್ರೀ?" ಅಂತ ಕೇಳಿದರು. ನಂದೇ ಸರ್ ಅಂದೆ. ಏನೂ ಹೇಳಲಿಲ್ಲ. ಆದರೆ ಅವತ್ತು ಅವರು ಒಂದು ಗಂಟೆ ನಮ್ಮ ಬೀದಿಯಲ್ಲಿ ನಿಂತು ಅಳೆದರು.

ನೀರಿನ ಕ್ಯಾಲೆಂಡರ್

ಬಳ್ಳಾರಿಗೆ ನೀರು ಅಂದರೆ ತುಂಗಭದ್ರೆ. ಕಾಲುವೆಯಿಂದ ಅಲ್ಲೀಪುರದ ಕೆರೆಗೆ ತುಂಬಿಸಿಕೊಂಡು ಊರಿಗೆ ಬಿಡುವುದು. ಕಾಲುವೆ ನಿಂತ ಬೇಸಿಗೆಯಲ್ಲಿ ಅದನ್ನೇ ಎಳೆದು ಎಳೆದು ಓಡಿಸಬೇಕು. ಹಾಗಾಗಿ 'ನೀರಿನ ತೊಂದರೆ ಆಗುತ್ತದೆ' ಅಂತ ಅರ್ಜಿಯಲ್ಲಿ ಬರೆದರೆ ಎಲ್ಲರಿಗೂ ಗೊತ್ತಿರುವ ಮಾತು. ಪ್ರಯೋಜನ ಇಲ್ಲ.

ನನ್ನ ಹೆಂಡತಿ ಅಡುಗೆಮನೆ ಕ್ಯಾಲೆಂಡರಿನಲ್ಲಿ ನಲ್ಲಿ ನೀರು ಬಂದ ದಿನಕ್ಕೆ ಒಂದು ಸುತ್ತು ಹಾಕಿ, ಪಕ್ಕದಲ್ಲಿ ಬಂದ ಹೊತ್ತು ಬರೆಯುತ್ತಾಳೆ. ಹಾಲಿನ ಲೆಕ್ಕ, ಗ್ಯಾಸು ಬಂದ ದಿನ, ಅಮಾವಾಸ್ಯೆ, ಎಲ್ಲದರ ಜೊತೆ ಇದೂ ಒಂದು. 'ರಾತ್ರಿ 2, ಸಣ್ಣಗೆ' ಅಂತ ಒಂದು ಕಡೆ. 'ಸಂಪು ಅರ್ಧ' ಅಂತ ಇನ್ನೊಂದು ಕಡೆ. ಹನ್ನೆರಡು ತಿಂಗಳ ಆ ಹಾಳೆಗಳನ್ನು ಜೆರಾಕ್ಸ್ ಮಾಡಿ ಅರ್ಜಿಗೆ ಲಗತ್ತಿಸಿದೆ. ಒಂದು ವರ್ಷದ ದಾಖಲೆ, ಅದೂ ಅರ್ಜಿ ಕೊಡುವ ಯೋಚನೆ ಹುಟ್ಟುವುದಕ್ಕೆ ಮುಂಚಿನದು. ಅದನ್ನು ಯಾರು ಸುಳ್ಳು ಅಂತಾರೆ?

ಅದರ ಪಕ್ಕದಲ್ಲಿ ಒಂದು ಲೆಕ್ಕ. ನಗರದ ನೀರಿನ ಯೋಜನೆ ಮಾಡುವಾಗ ಒಬ್ಬರಿಗೆ ದಿನಕ್ಕೆ 135 ಲೀಟರ್ ಅಂತ ಹಿಡಿಯುತ್ತಾರೆ, ಅದು ಕೇಂದ್ರ ಸರ್ಕಾರದ ಮಾನದಂಡ. 16 ಮನೆ, ಮನೆಗೆ ಐದು ಜನ ಅಂದರೆ 10,800 ಲೀಟರ್. ಐದು ಸಾವಿರ ಲೀಟರಿನ ಟ್ಯಾಂಕರ್ ದಿನಕ್ಕೆ ಎರಡು ಸಲವಾದರೂ ನಮ್ಮ ಬೀದಿಗೆ ಬರಬೇಕು. ಆ ಟ್ಯಾಂಕರ್ ಎಲ್ಲಿ ನಿಲ್ಲುತ್ತದೆ, ಎಲ್ಲಿ ತಿರುಗುತ್ತದೆ? ಅರ್ಜಿಯಲ್ಲಿ ಇಷ್ಟೇ ಕೇಳಿದ್ದು. ಸಂಪಿನ ಅಳತೆ, ಮಳೆನೀರು ಇಂಗುಗುಂಡಿ, ಚರಂಡಿ ಪೈಪಿನ ಅಗಲ, ಇವನ್ನೂ ಹೀಗೆ ಪ್ರಶ್ನೆಯಾಗಿಯೇ ಕೇಳಿ.

ಇನ್ನೊಂದು ತಕರಾರು ಹೆಂಗಸರು ಹೇಳಿದ್ದು. ಬೇಸಿಗೆಯಲ್ಲಿ ನಾವೆಲ್ಲ ಮಾಳಿಗೆ ಮೇಲೆ ಮಲಗುತ್ತೇವೆ. ಪಕ್ಕದಲ್ಲಿ ನಾಲ್ಕು ಮಹಡಿ ಎದ್ದರೆ ಬಾಲ್ಕನಿಯಿಂದ ನೇರ ನಮ್ಮ ಹಾಸಿಗೆ ಕಾಣುತ್ತದೆ. ಗಂಡಸರಿಗೆ ಇದು ಹೊಳೆದೇ ಇರಲಿಲ್ಲ. ಅದನ್ನು ಅರ್ಜಿಯಲ್ಲಿ ಸಂಕೋಚ ಇಲ್ಲದೆ ಬರೆದೆವು: ಆ ಬದಿಗೆ ಬಾಲ್ಕನಿ ಬೇಡ, ಎತ್ತರದ ಕಿಟಕಿ ಇರಲಿ.

ಅರ್ಜಿ ಬರೆಯುವುದು

ಇದು ನನ್ನ ಕಸುಬು, ಸ್ವಲ್ಪ ಜಾಸ್ತಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಒಂದೇ ಪುಟ. ಉಳಿದದ್ದೆಲ್ಲ ಲಗತ್ತು. ಟಪಾಲಿನವರು ರಿಜಿಸ್ಟರಿನಲ್ಲಿ ಬರೆದುಕೊಳ್ಳುವುದು 'ವಿಷಯ' ಅಂತ ಇರುವ ಸಾಲನ್ನು ಮಾತ್ರ. ಅಲ್ಲಿ 'ಸಾರ್ವಜನಿಕ ತೊಂದರೆ ಬಗ್ಗೆ' ಅಂತ ಬರೆದರೆ ಅದು ಬೀದಿನಾಯಿ ಅರ್ಜಿಗಳ ಜೊತೆ ಹೋಗಿ ಸೇರುತ್ತದೆ. ನಮ್ಮ ಎರಡನೇ ಅರ್ಜಿಯ ಸಾಲು ಹೀಗಿತ್ತು:

'ವಿಷಯ: ಸೈಟ್ ನಂ. ಇಂತಿಷ್ಟರ ಕಟ್ಟಡ ನಕ್ಷೆಯಲ್ಲಿ ರಸ್ತೆ ಅಗಲ 30 ಅಡಿ ಬದಲು 40 ಅಡಿ ಎಂದು ತೋರಿಸಿರುವ ಬಗ್ಗೆ, ಪರವಾನಗಿ ನೀಡುವ ಮೊದಲು ಸ್ಥಳ ತನಿಖೆ ಕೋರಿ.'

ಈ ಸಾಲಿಗೆ ಯಾರಾದರೂ ಉತ್ತರ ಬರೆಯಲೇಬೇಕು. ಅಳೆದು 40 ಅನ್ನಬೇಕು, ಇಲ್ಲ 30 ಅನ್ನಬೇಕು. ಮೂರನೆಯದು ಇಲ್ಲ.

ಕೆಳಗೆ ನಿಮ್ಮ ಬೇಡಿಕೆ. ಅಧಿಕಾರಿ ತನ್ನ ಸಹಿಯಲ್ಲಿ ಮಾಡಬಹುದಾದ್ದನ್ನೇ ಕೇಳಿ. 'ನಮ್ಮ ಬಡಾವಣೆಯ ಶಾಂತಿ ಕಾಪಾಡಿ' ಅಂದರೆ ಆಯುಕ್ತರು ಏನು ಮಾಡಬೇಕು, ಬಂದು ಭಜನೆ ಮಾಡಬೇಕಾ? ಸ್ಥಳ ತನಿಖೆ ಮಾಡಿ, ನಮ್ಮ ಸಮ್ಮುಖದಲ್ಲಿ ಮಾಡಿ, ಅಗಲ ತಪ್ಪಿದ್ದರೆ ತಿದ್ದಿದ ನಕ್ಷೆ ಕೇಳಿ, ತೀರ್ಮಾನವನ್ನು ನಮಗೆ ಲಿಖಿತವಾಗಿ ತಿಳಿಸಿ. ನಾಲ್ಕು ಸಾಲು ಸಾಕು.

ಸಹಿ 63 ಇರಲಿ, ಬೇಡ ಅನ್ನುವುದಿಲ್ಲ. ಆದರೆ ಹೆಸರು, ಮನೆ ನಂಬರ್ ಜೊತೆ ಇರಲಿ. ಒಂದೇ ಕೈಬರಹದಲ್ಲಿ ಹತ್ತು ಸಹಿ ಹಾಕುವ ಉಪಕಾರ ಮಾಡುವವರು ಪ್ರತಿ ಬೀದಿಯಲ್ಲೂ ಇರುತ್ತಾರೆ, ಅವರ ಕೈಗೆ ಪೆನ್ನು ಕೊಡಬೇಡಿ. ಸಂಘ ಇದ್ದರೆ ಸಂಘದ ಲೆಟರ್‌ಹೆಡ್ಡಿನಲ್ಲಿ ಕೊಡಿ. ಇಲ್ಲದಿದ್ದರೆ ಏಳು ಜನ ಸೇರಿದರೆ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಮಾಡಿಕೊಳ್ಳಬಹುದು. ನಾವು ಮಾಡಿಕೊಂಡೆವು. ಹೆಸರಿಗೇ ಎರಡು ಸಭೆ ಹಿಡಿಯಿತು.

ಎರಡು ಪ್ರತಿ ತಗೊಂಡು ಹೋಗಿ. ಒಂದರ ಮೇಲೆ ಮುದ್ರೆ, ತಾರೀಖು, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ಆ ಪ್ರತಿ ಇಲ್ಲದಿದ್ದರೆ ನೀವು ಅರ್ಜಿಯನ್ನೇ ಕೊಟ್ಟಿಲ್ಲ ಅಂತ ಲೆಕ್ಕ. ಒಂದು ಕಚೇರಿಯಲ್ಲಿ, ಯಾವುದು ಅಂತ ಬೇಡ, ನಮ್ಮ ಕಡತ ಆರು ವಾರ ಕಾಣಲಿಲ್ಲ. ಮುದ್ರೆ ಬಿದ್ದ ಪ್ರತಿ ತೋರಿಸಿದ ಮೇಲೆ ಮೂರು ದಿನದಲ್ಲಿ ಸಿಕ್ಕಿತು.

ಇನ್ನು ಷರಾ. ದೊಡ್ಡವರ ಹತ್ತಿರ ಅರ್ಜಿ ಕೊಟ್ಟರೆ ಮೂಲೆಯಲ್ಲಿ 'ನಿಯಮಾನುಸಾರ ಕ್ರಮ ಕೈಗೊಳ್ಳಿ' ಅಂತ ಹಸಿರು ಇಂಕಿನಲ್ಲಿ ಬರೆಯುತ್ತಾರೆ. ಜನ ಅದನ್ನು ನೋಡಿ ಕೆಲಸ ಆಯಿತು ಅಂತ ಫೋಟೊ ತೆಗೆದು ಗ್ರೂಪಿಗೆ ಹಾಕುತ್ತಾರೆ. ಆ ಮಾತಿಗೆ ಅರ್ಥ ಏನೂ ಇಲ್ಲ. ನಿಂತಲ್ಲೇ ಕೈಮುಗಿದು, "ಸರ್, ಏಳು ದಿನದಲ್ಲಿ ಸ್ಥಳ ತನಿಖೆ ವರದಿ ಮಂಡಿಸಿ ಅಂತ ಬರೀರಿ ಸರ್" ಅಂತ ಕೇಳಿ. ಕೇಳಿದರೆ ಬರೆಯುತ್ತಾರೆ. ಕೇಳುವವರೇ ಇಲ್ಲ.

ಯಾರನ್ನು ನೋಡುವುದು

ಮೊದಲು ಕಾರ್ಪೊರೇಟರ್. ಅವರನ್ನು ದಾಟಿ ಮೇಲೆ ಹೋದರೆ ಮುನಿಸಿಕೊಳ್ಳುತ್ತಾರೆ, ಆ ಮುನಿಸು ಆಮೇಲೆ ಚರಂಡಿ ಹೂಳಿನವರೆಗೂ ಬರುತ್ತದೆ. ಪಾಲಿಕೆಯಲ್ಲಿ ನಗರ ಯೋಜನೆಗೆ ಅಂತ ಒಂದು ಸ್ಥಾಯಿ ಸಮಿತಿ ಇರುತ್ತದೆ, ಅದರ ಅಧ್ಯಕ್ಷರಿಗೂ ಒಂದು ಪ್ರತಿ ಕೊಡಿ. ಮೂರು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಊರಿನಲ್ಲಿ ವಾರ್ಡ್ ಸಮಿತಿ ಇರಬೇಕು ಅಂತ ಸಂವಿಧಾನದ 243-ಎಸ್ ವಿಧಿ ಹೇಳುತ್ತದೆ. 2011ರ ಜನಗಣತಿಯಲ್ಲೇ ಬಳ್ಳಾರಿ ನಾಲ್ಕು ಲಕ್ಷ ದಾಟಿತ್ತು. ನಿಮ್ಮ ವಾರ್ಡಿನಲ್ಲಿ ಸಮಿತಿ ನಡೆಯುತ್ತಿದ್ದರೆ ಅಲ್ಲಿ ವಿಷಯ ಇಟ್ಟು ನಡಾವಳಿಯಲ್ಲಿ ಬರೆಸಿ.

ಆಯುಕ್ತರ ಹತ್ತಿರ ನಲವತ್ತು ಜನ ಹೋಗಬೇಡಿ. ನಾಲ್ಕು ಜನ ಸಾಕು, ಅದರಲ್ಲಿ ಇಬ್ಬರು ಹೆಂಗಸರು ಇರಲಿ. ನಮ್ಮ ಮಾತೆಲ್ಲ ಮುಗಿದ ಮೇಲೆ ನನ್ನ ಹೆಂಡತಿ ಕ್ಯಾಲೆಂಡರನ್ನೇ ಬಿಚ್ಚಿ ಮೇಜಿನ ಮೇಲೆ ಹಾಸಿದಳು. ಜೆರಾಕ್ಸ್ ಅಲ್ಲ, ಅರಿಶಿನದ ಕೈಗುರುತು ಇರುವ ಅಸಲಿ ಕ್ಯಾಲೆಂಡರ್. ಸಾಹೇಬರು ಮೂರು ತಿಂಗಳ ಹಾಳೆ ತಿರುವಿ ನೋಡಿದರು. 'ಸಂಪು ಅರ್ಧ' ಅಂದರೆ ಎಷ್ಟು ಲೀಟರ್ ಅಂತ ಕೇಳಿದರು. ಅವಳು ಹೇಳಿದಳು.

ಬಿಲ್ಡರ್ ಜೊತೆ ಕುಳಿತು ಮಾತಾಡಿ

ಇದಕ್ಕೆ ನಮ್ಮವರು ಬಹಳ ವಿರೋಧ ಮಾಡಿದರು. ಆದರೆ ಅವನೂ ಇದೇ ಊರಿನವನು, ನಾಳೆ ಮದುವೆ ಮುಂಜಿಯಲ್ಲಿ ಎದುರಾಗುವವನು. ಗುಡಿ ಪಕ್ಕದ ಹಾಲ್‌ಗೆ ಅವನನ್ನು ಕರೆದೆವು. ಒಗ್ಗಾಣಿ ಮಿರ್ಚಿ ತರಿಸಿದೆವು. ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಎರಡು ಗಂಟೆ ಮಾತಾಯಿತು. ರಸ್ತೆ ಅಳತೆಯ ಪಟ್ಟಿ ಮುಂದಿಟ್ಟಾಗ ಅವನು ತನ್ನ ಎಂಜಿನಿಯರ್ ಮುಖ ನೋಡಿದ. ಎಂಜಿನಿಯರ್ ಮಿರ್ಚಿ ನೋಡಿದ.

ಇಲ್ಲಿ ಒಂದು ಎಚ್ಚರ. 'ಛಾಪಾ ಕಾಗದದ ಮೇಲೆ ಬರೆದುಕೊಡ್ತೀನಿ ಬಿಡಣ್ಣ' ಅಂತಾರೆ. ಬೇಡ ಅನ್ನಿ. ತಿದ್ದಿದ ನಕ್ಷೆಯಲ್ಲಿ ಗೆರೆಯಾಗಿ ಬಂದರೆ ಮಾತ್ರ ಒಪ್ಪಿ, ಪರವಾನಗಿಗೆ ಹೋಗುವುದು ಅದು. ನಮಗೆ ಸಿಕ್ಕಿದ್ದು: ಒಂದು ಮಹಡಿ ಕಡಿಮೆ, ಅಂದರೆ 12 ಮನೆ. ಮಾಳಿಗೆ ಬದಿಗೆ ಬಾಲ್ಕನಿ ಇಲ್ಲ. ದೊಡ್ಡ ಸಂಪು, ಇಂಗುಗುಂಡಿ. ಬಂದವರ ಗಾಡಿಗೂ ಒಳಗೇ ಜಾಗ.

ಕೆಲವರಿಗೆ ಇದು ಸೋಲು. ನನಗೆ ಹಾಗನ್ನಿಸಲಿಲ್ಲ. ಜೀನ್ಸ್ ಯೂನಿಟ್ಟಿನಲ್ಲಿ ಹೊಲಿಯುವವರು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಬಸ್ಸಿನಲ್ಲಿ ಹೋಗಿ ಬರುವವರು, ಆಸ್ಪತ್ರೆ ನರ್ಸುಗಳು ಎಲ್ಲಿ ಇರಬೇಕು? ಎಲ್ಲರಿಗೂ 40×60 ಸೈಟು ಎಲ್ಲಿಂದ ತರೋದು? ನನ್ನ ಮಗಳೇ ಹುಬ್ಬಳ್ಳಿಯಲ್ಲಿ ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿದ್ದಾಳೆ. ಅಲ್ಲಿಯ ಒಂಟಿ ಮನೆಯವರು ಅವಳ ಮೇಲೆ ಅರ್ಜಿ ಹಾಕಿದ್ದರೆ? ಈ ಮಾತು ಹೇಳಿದ್ದಕ್ಕೆ ಸಂಘದ ಖಜಾಂಚಿ ಈಗಲೂ ನನ್ನ ಅಂಗಡಿ ಮುಂದೆ ಹೋಗುವಾಗ ಆ ಕಡೆ ಮುಖ ಮಾಡುತ್ತಾರೆ.

ಕೋರ್ಟು

ಹೋಗಲೇಬೇಕಾದರೆ ಬಳ್ಳಾರಿ, ಕೊಪ್ಪಳದವರಿಗೆ ಹೈಕೋರ್ಟಿನ ಧಾರವಾಡ ಪೀಠ, ರಾಯಚೂರಿನವರಿಗೆ ಕಲಬುರಗಿ ಪೀಠ. ಮೂರು ತೀರ್ಪು ತಿಳಿದಿರಲಿ, ವಕೀಲರ ಹತ್ತಿರ ಕುಳಿತಾಗ ಉಪಯೋಗ. ಬೆಂಗಳೂರಿನಲ್ಲಿ ಪಾರ್ಕಿನ ಜಾಗವನ್ನು ಆಸ್ಪತ್ರೆಗೆ ಕೊಟ್ಟಾಗ ನಿವಾಸಿಗಳು ಹೋರಾಡಿದರು. 1991ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ನಿಂತಿತು. ಬಡಾವಣೆಯವರಿಗೆ ಕೇಳುವ ಹಕ್ಕಿದೆ ಅಂತ ಅಲ್ಲಿ ಸ್ಪಷ್ಟವಾಯಿತು. ಚಂಡೀಗಢದ ಹಳೆಯ ಸೆಕ್ಟರುಗಳಲ್ಲಿ ಒಂಟಿ ಮನೆಗಳನ್ನು ಮಹಡಿ ಮಹಡಿಯಾಗಿ ಅಪಾರ್ಟ್‌ಮೆಂಟ್ ಮಾಡುವುದನ್ನು ಅದೇ ಕೋರ್ಟ್ 2023ರ ಜನವರಿಯಲ್ಲಿ ತಡೆಯಿತು. ಅದು ಆ ಊರಿನ ಮೂಲ ಯೋಜನೆ, ಅಲ್ಲಿಯ ನಿಯಮದ ಮೇಲೆ ನಿಂತ ತೀರ್ಪು. ಬಳ್ಳಾರಿಗೆ ತಂದು ಹಾಗೇ ಅಂಟಿಸಲು ಬರುವುದಿಲ್ಲ. ಮೂರನೆಯದು ಕೋರಮಂಗಲದ ನಿವಾಸಿಗಳದ್ದು, 2005. ಬಹುಮಹಡಿ ಕಟ್ಟಡದ ವಿರುದ್ಧ ಹೋಗಿ ಸುಪ್ರೀಂ ಕೋರ್ಟಿನಲ್ಲಿ ಸೋತರು. ತಡ ಮಾಡಿ ಬಂದದ್ದು ಅದರಲ್ಲಿ ದೊಡ್ಡ ಕಾರಣ. ಅದಕ್ಕೇ ಬೋರ್‌ವೆಲ್ ಲಾರಿ ಬಂದ ವಾರದಲ್ಲೇ ಮಾಹಿತಿ ಹಕ್ಕಿನ ಅರ್ಜಿ ಹೋಗಬೇಕು ಅನ್ನುವುದು.

ಕಟ್ಟಡ ಏಳುವಾಗ

ಪರವಾನಗಿ ಸಿಕ್ಕಿತು ಅಂತ ಟೇಪು ಅಟ್ಟಕ್ಕೆ ಹಾಕಬೇಡಿ. ಅನುಮೋದಿತ ನಕ್ಷೆಯನ್ನು ಕಟ್ಟಡ ಮುಗಿಯುವ ತನಕ ಸೈಟಿನಲ್ಲೇ ಕಾಣುವಂತೆ ಹಾಕಬೇಕು ಅಂತ ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರ ತೀರ್ಪಿನಲ್ಲಿ ಹೇಳಿದೆ. ಕಟ್ಟಡ ಮುಗಿದಿದೆ ಅಂತ ಕೊಡುವ ಮುಕ್ತಾಯ ಪತ್ರ ಇಲ್ಲದೆ ಕರೆಂಟು, ನೀರು, ಒಳಚರಂಡಿ ಸಂಪರ್ಕ ಕೊಡಬಾರದು ಅಂತಲೂ ಅದರಲ್ಲಿದೆ. ತಳಪಾಯ ಹಾಕಿದಾಗ ಒಂದು ಸಲ, ಪ್ರತಿ ಮಹಡಿಯ ಸ್ಲ್ಯಾಬಿಗೆ ಒಂದು ಸಲ, ಗೋಡೆಯಿಂದ ಕಾಂಪೌಂಡಿಗೆ ಎಷ್ಟು ಬಿಟ್ಟಿದ್ದಾರೆ ಅಂತ ಅಳೆದು ಫೋಟೊ ಇಟ್ಟುಕೊಳ್ಳಿ. ನಕ್ಷೆ ಮೀರಿದ್ದು ಕಂಡರೆ ಕಾರ್ಪೊರೇಷನ್ ಕಾಯ್ದೆಯ 321ನೇ ಕಲಂ ಹೆಸರಿಸಿ ಆಯುಕ್ತರಿಗೆ ಬರೆಯಿರಿ. ಸ್ಲ್ಯಾಬ್ ಹಸಿ ಇರುವಾಗಲೇ ಬರೆಯಬೇಕು. ಜನ ಬಂದು ಹಾಲು ಉಕ್ಕಿಸಿದ ಮೇಲೆ ಯಾರೂ ಒಡೆಯುವುದಿಲ್ಲ, ಒಡೆಯಲೂಬಾರದು. ಮುಕ್ತಾಯ ಪತ್ರಕ್ಕೆ ಅರ್ಜಿ ಬಿದ್ದಿದೆ ಅಂತ ಗೊತ್ತಾದ ಕೂಡಲೇ ಕರೆಂಟು ಕೊಡುವ ಜೆಸ್ಕಾಂ ಕಚೇರಿಗೂ ನಿಮ್ಮ ಪತ್ರದ ಒಂದು ಪ್ರತಿ ಕೊಡಿ.

ನಮ್ಮ ಕಡೆ ಈಗ ಎರಡನೇ ಸ್ಲ್ಯಾಬ್ ಬಿದ್ದಿದೆ. ಹಿಂದಿನ ಗೋಡೆ ನಕ್ಷೆಗಿಂತ ನಾಲ್ಕು ಇಂಚು ಈಚೆ ಬಂದಿದೆ ಅಂತ ಮೇಷ್ಟ್ರು ಹಠ ಹಿಡಿದಿದ್ದಾರೆ. ನಾಳೆ ಭಾನುವಾರ, ಮತ್ತೆ ಅಳೆಯಬೇಕು. ಅಮ್ಮ ಈಗ ಗೇಟಿನ ಒಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುತ್ತಾಳೆ. ನಾನು ಟೇಪು ಹಿಡಿದು ಹೊರಟರೆ ಸಾಕು, "ಹೋಗ್ ಹೋಗು, ಇನ್ಯಾರ ಕಟ್ಟೆ ಉಳದೈತಿ ನೋಡು" ಅನ್ನುತ್ತಾಳೆ.